ರಟ್ಟಿನಲ್ಲಿ ಎರಡು ತೂತು: ಸಣ್ಣ ಟೆಲಿಸ್ಕೋಪ್‌ಗಳನ್ನು ಜೋಡಿಸಿ ನಕ್ಷತ್ರದ ಮುಖ ನೋಡುವ ಬಗೆ

(ಒಂದು ಸಂಜೆಯ ಉಪನ್ಯಾಸದ ಬರಹ ರೂಪ. ಅವತ್ತು ಹಲಗೆಯ ಮೇಲೆ ಬರೆದ ಚಿತ್ರಗಳು ಇಲ್ಲಿಲ್ಲ. ಅವುಗಳ ಜಾಗದಲ್ಲಿ ನಾಲ್ಕು ಮಾತು ಜಾಸ್ತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಕಾಶ ನೋಡುವ ಹುಚ್ಚು ಇರುವವರ ನಡುವೆ ಮಾತಾಡಲು ಹೋದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ನನ್ನ ಹತ್ತಿರ ಆರಿಂಚಿನ ಟೆಲಿಸ್ಕೋಪ್ ಇದೆ. ಗೆಳೆಯರು ಹತ್ತು ಜನರ ಹತ್ತಿರವೂ ಅಂಥದ್ದೇ ಇದೆ. ಎಲ್ಲರೂ ಒಂದೇ ರಾತ್ರಿ ಶನಿಯ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಸೇರಿಸಿದರೆ, ದೊಡ್ಡ ಟೆಲಿಸ್ಕೋಪಿನ ಫೋಟೋ ಸಿಗುತ್ತಾ?"

ಸಿಗಲ್ಲ. ಆದರೆ ಕೇಳಿದವರು ದಡ್ಡರಲ್ಲ. ಸಣ್ಣ ಟೆಲಿಸ್ಕೋಪ್‌ಗಳನ್ನು ಜೋಡಿಸಿ ದೊಡ್ಡದರಷ್ಟೇ ಸೂಕ್ಷ್ಮವಾಗಿ ನೋಡುವುದು ನಿಜಕ್ಕೂ ಸಾಧ್ಯ. ನೂರು ವರ್ಷದಿಂದ ಮಾಡುತ್ತಲೇ ಇದ್ದಾರೆ. ಅವರು ಸೇರಿಸುವುದು ಫೋಟೋಗಳನ್ನಲ್ಲ, ಅಲೆಗಳನ್ನು. ಫೋಟೋ ಆಗುವ ಮೊದಲೇ ಸೇರಿಸಬೇಕು. ಆದ ಮೇಲೆ ಸೇರಿಸಿದರೆ ಹೊತ್ತು ಮೀರಿರುತ್ತದೆ. ಇವತ್ತಿನ ಮಾತೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ತಿರುಗುತ್ತದೆ.

ಟೆಲಿಸ್ಕೋಪ್ ಮಾಡುವ ಕೆಲಸ ಎರಡು. ಒಂದು, ಬೆಳಕು ಕೂಡಿಹಾಕುವುದು. ಇನ್ನೊಂದು, ಹತ್ತಿರ ಹತ್ತಿರ ಇರುವ ಎರಡು ವಿವರಗಳನ್ನು ಬಿಡಿಸಿ ತೋರಿಸುವುದು. ನಾವು ಇವೆರಡನ್ನೂ ಸೇರಿಸಿ ಸುಮ್ನೆ "ಪವರ್" ಅಂದುಬಿಡುತ್ತೇವೆ. ಗೊಂದಲ ಹುಟ್ಟುವುದು ಅಲ್ಲೇ.

ಬೆಳಕು ಎಷ್ಟು ಸಿಗುತ್ತದೆ ಎಂಬುದು ಕನ್ನಡಿಯ ವಿಸ್ತೀರ್ಣಕ್ಕೆ ಬಿಟ್ಟದ್ದು. ವಿವರ ಬಿಡಿಸುವ ಶಕ್ತಿ ಹಾಗಲ್ಲ. ಅದು ಕನ್ನಡಿಯ ಈ ಅಂಚಿಗೂ ಆ ಅಂಚಿಗೂ ಎಷ್ಟು ದೂರ ಎಂಬುದಕ್ಕೆ ಬಿಟ್ಟದ್ದು. ಬೆಳಕು ಅಲೆ. ಸಣ್ಣ ಕಿಂಡಿಯಲ್ಲಿ ತೂರಿದ ಅಲೆ ಹರಡಿಕೊಳ್ಳುತ್ತದೆ. ಕಿಂಡಿ ಅಗಲವಾದಷ್ಟೂ ಹರಡುವುದು ಕಡಿಮೆ. ಹಾಗಾಗಿ ಚುಕ್ಕಿಯಂಥ ನಕ್ಷತ್ರವೂ ಟೆಲಿಸ್ಕೋಪಿನಲ್ಲಿ ಒಂದು ಪುಟ್ಟ ಬಿಲ್ಲೆಯಾಗಿಯೇ ಕಾಣುತ್ತದೆ. 10 ಸೆಂಟಿಮೀಟರ್ ಟೆಲಿಸ್ಕೋಪಿನಲ್ಲಿ ಸುಮಾರು 1.4 ಆರ್ಕ್ ಸೆಕೆಂಡ್‌ಗಿಂತ ಹತ್ತಿರ ಇರುವ ಎರಡು ಚುಕ್ಕಿಗಳ ಬಿಲ್ಲೆಗಳು ಒಂದರಲ್ಲೊಂದು ಕಲಸಿಹೋಗುತ್ತವೆ. ಆರ್ಕ್ ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ನೇ ಒಂದು ಪಾಲು. ಹುಣ್ಣಿಮೆಯ ಚಂದ್ರ ಸುಮಾರು 1800 ಆರ್ಕ್ ಸೆಕೆಂಡ್ ಅಗಲ.

ಈಗ ಒಂದು ತರಲೆ ಯೋಚನೆ. ಕನ್ನಡಿಯ ನಡುಭಾಗಕ್ಕೆಲ್ಲ ಕಪ್ಪು ಬಳಿದು, ಎರಡು ಅಂಚಿನಲ್ಲಿ ಅಂಗೈಯಷ್ಟು ಜಾಗ ಮಾತ್ರ ಬಿಟ್ಟರೆ? ಬೆಳಕು ತುಂಬ ಕಡಿಮೆಯಾಗುತ್ತದೆ. ಆದರೆ ಅಂಚಿನಿಂದ ಅಂಚಿಗಿರುವ ದೂರ ಎಲ್ಲೂ ಹೋಗಿಲ್ಲ, ಅಲ್ವಾ? ಇನ್ನೂ ಮುಂದಕ್ಕೆ ಹೋಗಿ. ಆ ಎರಡು ತುಂಡುಗಳನ್ನು ಕನ್ನಡಿಯಿಂದಲೇ ಬಿಡಿಸಿಕೊಂಡು, ನೂರು ಮೀಟರ್ ದೂರ ಒಯ್ದು ಇಟ್ಟರೆ? ಎರಡರ ಬೆಳಕನ್ನೂ ಹುಷಾರಾಗಿ ಒಂದೇ ಕಡೆ ತಂದರೆ? ಆಗ ವಿವರ ಬಿಡಿಸುವ ವಿಷಯದಲ್ಲಿ ಮಾತ್ರ ನಿಮ್ಮ ಬಳಿ ನೂರು ಮೀಟರ್ ಕನ್ನಡಿ ಇದ್ದ ಹಾಗೆ. ಇಂಥ ಜೋಡಣೆಗೆ ಇಂಟರ್‌ಫೆರೋಮೀಟರ್ ಅನ್ನುತ್ತಾರೆ.

ಪಟ್ಟೆಗಳ ಕಥೆ

ಇದನ್ನು ನಾನು ಮೊದಲು ಕಣ್ಣಾರೆ ಕಂಡದ್ದು ಒಂದು ರಟ್ಟಿನ ತುಂಡಿನಿಂದ. ಟೆಲಿಸ್ಕೋಪಿನ ಬಾಯಿಗೆ ರಟ್ಟು ಮುಚ್ಚಿ, ಅದರಲ್ಲಿ ಎರಡು ತೂತು ಕೊರೆದಿದ್ದೆ. ಮೊದಲ ರಾತ್ರಿ ಏನೂ ಕಾಣಲಿಲ್ಲ. ಮನೆಯೊಳಗಿನ ಬೆಚ್ಚನೆಯ ಟೆಲಿಸ್ಕೋಪನ್ನು ಹಾಗೇ ಹೊರಗೆ ತಂದಿದ್ದೆ, ಕೊಳವೆಯೊಳಗೆ ಗಾಳಿ ಕುದಿಯುತ್ತಿತ್ತು. ಎರಡನೆಯ ರಾತ್ರಿ ತಾಳ್ಮೆಯಿಂದ ಆರಲು ಬಿಟ್ಟೆ. ನಕ್ಷತ್ರದ ಬಿಲ್ಲೆ ಈ ಸಲ ದೊಡ್ಡದಾಗಿತ್ತು, ಯಾಕೆಂದರೆ ತೂತು ಸಣ್ಣದು. ಆ ಬಿಲ್ಲೆಯ ಮೇಲೆ ಮಾತ್ರ ಹುಲಿಯ ಮೈಮೇಲಿನ ಹಾಗೆ ಪಟ್ಟೆಗಳು. ಒಂದು ಬೆಳಕು, ಒಂದು ಕತ್ತಲು, ಮತ್ತೆ ಬೆಳಕು. ಒಂದು ತೂತಿಗೆ ಬೆರಳು ಅಡ್ಡ ಹಿಡಿದೆ. ಪಟ್ಟೆ ಮಾಯ. ಬೆರಳು ತೆಗೆದೆ. ಪಟ್ಟೆ ಬಂತು. ಅರ್ಧ ಗಂಟೆ ಬರೀ ಇದನ್ನೇ ಮಾಡಿದೆ ಅನ್ನಲು ನನಗೇನೂ ನಾಚಿಕೆಯಿಲ್ಲ.

ಎರಡು ತೂತಿನಿಂದ ಬಂದ ಅಲೆಗಳು ಕೂಡುವಾಗ, ಏರು ಏರಿಗೆ ಸೇರಿದ ಕಡೆ ಬೆಳಕು, ಏರು ಇಳಿತಕ್ಕೆ ಸೇರಿದ ಕಡೆ ಕತ್ತಲು. ತೂತುಗಳು ದೂರವಾದಷ್ಟೂ ಪಟ್ಟೆಗಳು ಒತ್ತಾಗುತ್ತವೆ.

ಈಗ ಅಲ್ಲಿರುವುದು ಒಂದು ನಕ್ಷತ್ರವಲ್ಲ, ಅಂಟಿಕೊಂಡಂತೆ ಕಾಣುವ ಸರಿಸಮ ಹೊಳಪಿನ ಜೋಡಿ ಅಂದುಕೊಳ್ಳಿ. ಪ್ರತಿಯೊಂದೂ ತನ್ನದೇ ಪಟ್ಟೆಗಳನ್ನು ಮಾಡುತ್ತದೆ. ಒಂದರ ಬೆಳಕಿನ ಪಟ್ಟೆ ಇನ್ನೊಂದರ ಕತ್ತಲ ಪಟ್ಟೆಯ ಮೇಲೆ ಸರಿಯಾಗಿ ಕೂತರೆ ಎಲ್ಲ ಒಂದೇ ಸಮನೆ ಮಸುಕಾಗಿಬಿಡುತ್ತದೆ. ಪಟ್ಟೆ ಅಳಿಸಿಹೋಯಿತು. ತೂತುಗಳ ನಡುವಿನ ಯಾವ ದೂರದಲ್ಲಿ ಅಳಿಸಿತು ಎಂದು ಗೊತ್ತಾದರೆ ಜೋಡಿಯ ನಡುವಿನ ಅಂತರ ಸಿಕ್ಕ ಹಾಗೆ. ನೋಡಿ, ಜೋಡಿಯನ್ನು ನಾವು ಬಿಡಿಯಾಗಿ ಕಂಡೇ ಇಲ್ಲ! ಕಾಣದ್ದನ್ನು ಅಳೆದೆವು. ಒಂದೇ ನಕ್ಷತ್ರದ ಅಗಲ ಅಳೆಯುವುದೂ ಹೀಗೆಯೇ. ಅದರ ಬಲದಂಚು, ಎಡದಂಚು, ನಡುಭಾಗ ಎಲ್ಲವೂ ತಮ್ಮ ತಮ್ಮ ಪಟ್ಟೆಗಳನ್ನು ಸ್ವಲ್ಪ ಸ್ವಲ್ಪ ಸರಿಸಿ ಒಂದರ ಮೇಲೊಂದು ಹಾಕುತ್ತವೆ.

ಈ ಉಪಾಯ ಮೊದಲು ಹೊಳೆದದ್ದು ಫ್ರಾನ್ಸಿನ ಫಿಜೋಗೆ, 1868ರಲ್ಲಿ. ಸ್ಟೆಫಾನ್ ಎಂಬವರು 1873-74ರಲ್ಲಿ ಮಾರ್ಸೆಯ 80 ಸೆಂಟಿಮೀಟರ್ ಟೆಲಿಸ್ಕೋಪಿನಲ್ಲಿ ಮಾಡಿ ನೋಡಿದರು. ಯಾವ ನಕ್ಷತ್ರಕ್ಕೂ ಪಟ್ಟೆ ಅಳಿಸಲಿಲ್ಲ. 80 ಸೆಂಟಿಮೀಟರಿನ ಪಟ್ಟೆ ಅಳಿಸುವಷ್ಟು ದೊಡ್ಡ ನಕ್ಷತ್ರ ಆಕಾಶದಲ್ಲಿಲ್ಲ, ಅಷ್ಟೇ ಗೊತ್ತಾಯಿತು. ಇದನ್ನು ಸೋಲು ಅಂತ ಬರೆಯುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ನಕ್ಷತ್ರಗಳು ಇದಕ್ಕಿಂತ ದೊಡ್ಡದಾಗಿ ಕಾಣಲಾರವು ಎಂದು ಅಳತೆ ಮಾಡಿ ಹೇಳಿದ್ದು ಸಣ್ಣ ಮಾತಲ್ಲ.

ಮೈಕೆಲ್ಸನ್ 1891ರಲ್ಲಿ ಇದೇ ಉಪಾಯದಿಂದ ಗುರುವಿನ ದೊಡ್ಡ ಉಪಗ್ರಹಗಳ ಅಗಲ ಅಳೆದರು. ನಕ್ಷತ್ರಕ್ಕೆ ಮಾತ್ರ ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು. ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟದ 100 ಇಂಚಿನ ಟೆಲಿಸ್ಕೋಪಿನ ತುದಿಗೆ 6 ಮೀಟರ್ ಉದ್ದದ ಉಕ್ಕಿನ ತೊಲೆ ಅಡ್ಡ ಕಟ್ಟಿದರು. ತೊಲೆಯ ಎರಡು ತುದಿಗಳ ಕಡೆ ಜರುಗಿಸಬಹುದಾದ ಎರಡು ಕನ್ನಡಿ. ಅವು ಹಿಡಿದ ಬೆಳಕನ್ನು ಒಳಗಿನ ಇನ್ನೆರಡು ಕನ್ನಡಿ ಟೆಲಿಸ್ಕೋಪಿಗೆ ಇಳಿಸುತ್ತಿದ್ದವು. 1920ರ ಡಿಸೆಂಬರ್ 13ರ ರಾತ್ರಿ ಅಲ್ಲಿಯ ಖಗೋಳಜ್ಞ ಪೀಸ್ ಅದನ್ನು ಆರ್ದ್ರಾ ನಕ್ಷತ್ರದ ಕಡೆ ತಿರುಗಿಸಿದರು. ಕನ್ನಡಿಗಳ ನಡುವೆ ಸುಮಾರು 3 ಮೀಟರ್ ದೂರವಾದಾಗ ಪಟ್ಟೆ ಅಳಿಸಿತು. ಬೇರೆ ನಕ್ಷತ್ರಕ್ಕೆ ತಿರುಗಿಸಿದರೆ ಪಟ್ಟೆ ಚೆನ್ನಾಗಿಯೇ ಇತ್ತು, ಅಂದರೆ ಉಪಕರಣ ಕೆಟ್ಟಿಲ್ಲ. ಆರ್ದ್ರಾ ಅಗಲ 0.047 ಆರ್ಕ್ ಸೆಕೆಂಡ್ ಎಂದು ಲೆಕ್ಕ ಬಂತು. ಸೂರ್ಯನನ್ನು ಬಿಟ್ಟರೆ ಮನುಷ್ಯ ಅಗಲ ಅಳೆದ ಮೊದಲ ನಕ್ಷತ್ರ ಅದು.

ಆ ಕನ್ನಡಿಗಳ ಅಗಲ ಎಷ್ಟಿತ್ತು ಗೊತ್ತಾ? ಆರಿಂಚು. ಪ್ರಶ್ನೆ ಕೇಳುವ ಗೆಳೆಯರ ಟೆಲಿಸ್ಕೋಪಿನಷ್ಟೇ. 100 ಇಂಚಿನ ದೈತ್ಯ ಅವತ್ತು ತೊಲೆ ಹೊರುವ ಆಳಾಗಿ ನಿಂತಿತ್ತು.

ಆಮೇಲೆ 15 ಮೀಟರಿನ ತೊಲೆಯನ್ನೂ ಕಟ್ಟಿದರು. ಅದರಿಂದ ಅಷ್ಟು ನಂಬುವಂಥ ಅಳತೆಗಳು ಬರಲಿಲ್ಲ. ಉದ್ದದ ಉಕ್ಕು ಬಾಗುತ್ತದೆ, ನಡುಗುತ್ತದೆ. ಇಲ್ಲಿ ಬೇಕಾದದ್ದು ಬೆಳಕಿನ ಅಲೆಯುದ್ದಕ್ಕಿಂತ ಕಡಿಮೆ ತಪ್ಪು. ಅಂದರೆ ಒಂದು ಮಿಲಿಮೀಟರನ್ನು ಎರಡು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಬೆಳಕಿನವರು ಹೀಗೆ ಕೈಚೆಲ್ಲಿ ಕೂತಾಗ ಕೆಲಸ ಕೈಗೆತ್ತಿಕೊಂಡವರು ರೇಡಿಯೋದವರು, ಅಂದರೆ ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿದು ನೋಡುವವರು.

ರೇಡಿಯೋದವರ ದಾರಿ

ರೇಡಿಯೋದವರದ್ದು ಬೇರೆ ಗತಿಯಿರಲಿಲ್ಲ ಅನ್ನಬೇಕು. 25 ಮೀಟರ್ ಅಗಲದ ಡಿಶ್ ತಗೊಳ್ಳಿ. ಜಲಜನಕದ 21 ಸೆಂಟಿಮೀಟರ್ ಅಲೆಯಲ್ಲಿ ಅದರ ನೋಟ ಎಷ್ಟು ಮಸುಕು ಅಂದರೆ, ಬಿಡಿಸಿ ತೋರಿಸುವ ಅತಿ ಸಣ್ಣ ಚುಕ್ಕಿಯೇ ಹುಣ್ಣಿಮೆ ಚಂದ್ರನಷ್ಟು ದೊಡ್ಡದು. ಅಷ್ಟು ದೊಡ್ಡ ಡಿಶ್ ಇಟ್ಟುಕೊಂಡೂ ಬರಿಗಣ್ಣಿಗಿಂತ ಕಡೆ! ಆದರೆ ಉದ್ದದ ಅಲೆಯಿಂದ ಒಂದು ಅನುಕೂಲವೂ ಇದೆ. ತಪ್ಪಿಗೆ ಜಾಗ ಜಾಸ್ತಿ. ಒಂದೆರಡು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ ಅಲೆಗಳು ಸರಿಯಾಗಿಯೇ ಸೇರುತ್ತವೆ.

1946ರಲ್ಲಿ ಸಿಡ್ನಿಯ ಡೋವರ್ ಹೈಟ್ಸ್ ಎಂಬ ಕಡಲಂಚಿನ ಬಂಡೆಯ ಮೇಲೆ ರೂಬಿ ಪೇನ್-ಸ್ಕಾಟ್, ಜೋಸೆಫ್ ಪಾಸಿ, ಲಿಂಡ್ಸೆ ಮೆಕ್‌ಕ್ರೀಡಿ ಮಾಡಿದ್ದು ನನಗೆ ತುಂಬ ಇಷ್ಟ. ಅವರ ಬಳಿ ಇದ್ದದ್ದು ಒಂದೇ ಆಂಟೆನಾ. ಎರಡನೆಯದನ್ನು ಸಮುದ್ರವೇ ಕೊಟ್ಟಿತು. ಹುಟ್ಟುವ ಸೂರ್ಯನಿಂದ ನೇರ ಬರುವ ಅಲೆ ಒಂದು, ನೀರಿನ ಮೇಲೆ ಬಿದ್ದು ಪ್ರತಿಫಲಿಸಿ ಬರುವ ಅಲೆ ಇನ್ನೊಂದು. ಎರಡೂ ಕೂಡಿ ಪಟ್ಟೆಗಳಾದವು. ಸೂರ್ಯನ ರೇಡಿಯೋ ಅಬ್ಬರ ಬರುವುದು ಸೂರ್ಯಕಲೆಗಳ ಗುಂಪಿನಿಂದ ಎಂದು ಅದರಿಂದ ಗೊತ್ತಾಯಿತು.

ಇಲ್ಲಿಯ ತನಕ ಹೇಳಿದ್ದೆಲ್ಲ ಅಳತೆ. ಚಿತ್ರ ಅಲ್ಲ. ಅಳತೆಯಿಂದ ಚಿತ್ರಕ್ಕೆ ಹೋಗುವುದು ಹೇಗೆ?

ನಾನು ಇದನ್ನು ಬಾಚಣಿಗೆಯ ಹಾಗೆ ಯೋಚಿಸುತ್ತೇನೆ. ಎರಡು ಟೆಲಿಸ್ಕೋಪ್‌ಗಳ ಒಂದು ಜೋಡಿ ಅಂದರೆ ಆಕಾಶದ ಮೇಲೆ ಇಟ್ಟ ಒಂದು ಬಾಚಣಿಗೆ. ಟೆಲಿಸ್ಕೋಪ್‌ಗಳು ಹತ್ತಿರ ಇದ್ದರೆ ಬಿಡಿ ಹಲ್ಲಿನದು. ದೂರ ಇದ್ದರೆ ಒತ್ತು ಹಲ್ಲಿನದು. ಅವು ಯಾವ ದಿಕ್ಕಿಗೆ ನಿಂತಿವೆಯೋ ಆ ದಿಕ್ಕಿಗೆ ಬಾಚಣಿಗೆ. ಪ್ರತಿ ಬಾಚಣಿಗೆಯೂ ಎರಡೇ ವಿಷಯ ಹೇಳುತ್ತದೆ: ನನ್ನ ಹಲ್ಲಿನ ಅಳತೆಯ ಏರಿಳಿತ ಆ ವಸ್ತುವಿನಲ್ಲಿ ಎಷ್ಟಿದೆ? ಆ ಏರು ಬಿದ್ದಿರುವುದು ಎಲ್ಲಿ? ಎಷ್ಟು ಮತ್ತು ಎಲ್ಲಿ. ಯಾವ ಚಿತ್ರವನ್ನಾದರೂ ಇಂಥ ಏರಿಳಿತಗಳ ಕೂಟವಾಗಿ ಬರೆಯಬಹುದು ಎಂಬುದು ಗಣಿತಜ್ಞ ಫೂರಿಯೇ ಹೇಳಿಕೊಟ್ಟ ಗಣಿತ. ಸಾಕಷ್ಟು ಅಳತೆಯ, ಸಾಕಷ್ಟು ದಿಕ್ಕಿನ ಬಾಚಣಿಗೆಗಳ ಉತ್ತರ ಸಿಕ್ಕರೆ ಕೂಡಿಸಿ ಚಿತ್ರ ಬರೆಯಬಹುದು.

ಹಾಗಾದರೆ ಬಾಚಣಿಗೆ ಎಷ್ಟು ಬೇಕು? ತುಂಬ. ಅಲ್ಲಿ ಎರಡು ಅದೃಷ್ಟ ನಮ್ಮ ಕಡೆ ಇವೆ. ಟೆಲಿಸ್ಕೋಪಿನ ಸಂಖ್ಯೆ ಹೆಚ್ಚಿದ ಹಾಗೆ ಜೋಡಿಗಳ ಸಂಖ್ಯೆ ಇನ್ನೂ ವೇಗವಾಗಿ ಹೆಚ್ಚುತ್ತದೆ. 3 ಇದ್ದರೆ 3 ಜೋಡಿ, 6 ಇದ್ದರೆ 15. ನ್ಯೂ ಮೆಕ್ಸಿಕೋದ ವಿಎಲ್‌ಎ ಎಂಬ ರೇಡಿಯೋ ಜೋಡಣೆಯಲ್ಲಿ ಹಳಿಗಳ ಮೇಲೆ ಜರುಗುವ 27 ಡಿಶ್‌ಗಳಿವೆ, ಜೋಡಿ 351. ಪುಣೆಯ ಬಳಿ ಖೋಡದ್‌ನಲ್ಲಿ ಗೋವಿಂದ ಸ್ವರೂಪ್ ಕಟ್ಟಿಸಿದ ಜಿಎಂಆರ್‌ಟಿಯಲ್ಲಿ 45 ಮೀಟರಿನ 30 ಡಿಶ್, ಜೋಡಿ 435. ಎರಡನೆಯ ಅದೃಷ್ಟ ಭೂಮಿ ತಿರುಗುವುದು. ಆಕಾಶದ ಆ ವಸ್ತುವಿನ ಕಡೆಯಿಂದ ನೋಡಿದರೆ, ಭೂಮಿ ತಿರುಗಿದ ಹಾಗೆ ಪ್ರತಿ ಜೋಡಿಯ ದಿಕ್ಕೂ ಉದ್ದವೂ ಮೆಲ್ಲಗೆ ಬದಲಾಗುತ್ತವೆ. ಒಂದು ಜೋಡಿ ಒಂದು ರಾತ್ರಿಯಲ್ಲಿ ನೂರಾರು ಬಾಚಣಿಗೆ ಆಗುತ್ತದೆ. ಏನೂ ಖರ್ಚಿಲ್ಲ, ಕಾಯಬೇಕು ಅಷ್ಟೇ. ಕೇಂಬ್ರಿಜ್‌ನ ಮಾರ್ಟಿನ್ ರೈಲ್ ಇದನ್ನು ಒಂದು ಶಿಸ್ತಾಗಿ ಬೆಳೆಸಿದರು. 1964ರ ಅವರ ಒಂದು ಮೈಲಿ ಟೆಲಿಸ್ಕೋಪಿನಲ್ಲಿ ಇದ್ದದ್ದು 18 ಮೀಟರಿನ ಮೂರೇ ಡಿಶ್. ಎರಡು ನಿಂತಲ್ಲೇ, ಒಂದು ಹಳಿಯ ಮೇಲೆ. 1974ರ ನೊಬೆಲ್‌ನಲ್ಲಿ ಅವರಿಗೆ ಪಾಲು ಬಂತು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ, ಹೊಸಬರು ಇದರಲ್ಲಿ ಬೀಳುತ್ತಾರೆ. ನಿಮ್ಮ ಬಳಿ ಒತ್ತು ಹಲ್ಲಿನ ಬಾಚಣಿಗೆಗಳೇ ಇದ್ದು, ಬಿಡಿ ಹಲ್ಲಿನದು ಇಲ್ಲ ಅನ್ನಿ. ಆಗ ನಯವಾಗಿ ಹರಡಿಕೊಂಡ ದೊಡ್ಡ ಮೋಡದಂಥ ವಸ್ತು ಚಿತ್ರದಲ್ಲಿ ಕಾಣುವುದೇ ಇಲ್ಲ. ಮಂಕಾಗಿ ಕಾಣುತ್ತದೆ ಅಂತಲ್ಲ. ಇಲ್ಲವೇ ಇಲ್ಲ. ಒಂಟಿ ಡಿಶ್ ಸುಲಭವಾಗಿ ಹಿಡಿಯುವ ವಸ್ತುವನ್ನು ಕಿಲೋಮೀಟರ್‌ಗಟ್ಟಲೆ ಹರಡಿದ ಜೋಡಣೆ ಪೂರ್ತಿ ಕಳೆದುಕೊಳ್ಳಬಹುದು. ದೂರ ಹೋದಷ್ಟೂ ಒಳ್ಳೆಯದು ಎಂಬುದು ಅರ್ಧ ಸತ್ಯ.

ಇನ್ನೊಂದು ತೊಂದರೆ "ಎಲ್ಲಿ" ಎಂಬ ಉತ್ತರದ್ದು. ಪ್ರತಿ ಟೆಲಿಸ್ಕೋಪಿನ ತಲೆಯ ಮೇಲಿನ ಗಾಳಿ ಬೇರೆ. ಅದು ಅಲೆಯನ್ನು ತನಗೆ ತೋಚಿದಷ್ಟು ತಡಮಾಡಿಸುತ್ತದೆ. ಪಟ್ಟೆ ಆಚೀಚೆ ಓಡುತ್ತದೆ. "ಎಷ್ಟು" ಉಳಿಯುತ್ತದೆ, "ಎಲ್ಲಿ" ಹಾಳಾಗುತ್ತದೆ. ಇದಕ್ಕೆ 1958ರಲ್ಲಿ ರೋಜರ್ ಜೆನ್ನಿಸನ್ ಕಂಡುಕೊಂಡ ಮದ್ದು ಎಷ್ಟು ಸರಳ ಅಂದರೆ, ನನಗ್ಯಾಕೆ ಹೊಳೆಯಲಿಲ್ಲ ಅನ್ನಿಸುವಷ್ಟು. ಮೂರು ಟೆಲಿಸ್ಕೋಪ್ ತಗೊಳ್ಳಿ: ಅ, ಆ, ಇ. ಅ ಮೇಲಿನ ಗಾಳಿ ಕೆಟ್ಟರೆ ಅ-ಆ ಜೋಡಿಯ ಪಟ್ಟೆ ಒಂದು ಕಡೆ ಸರಿಯುತ್ತದೆ. ಇ-ಅ ಜೋಡಿಯದ್ದು ಅಷ್ಟೇ ದೂರ ಎದುರು ಕಡೆ ಸರಿಯುತ್ತದೆ. ತ್ರಿಕೋನದ ಸುತ್ತ ಮೂರು ಜೋಡಿಯ ಸರಿತಗಳನ್ನೂ ಕೂಡಿಸಿದರೆ ಗಾಳಿಯ ತಪ್ಪು ಕಳೆದುಹೋಗುತ್ತದೆ. ಉಳಿಯುವುದು ವಸ್ತುವಿನ ಆಕಾರದ ಸುದ್ದಿ ಮಾತ್ರ. ಹೀಗಾಗಿ ಮೂರನೆಯ ಟೆಲಿಸ್ಕೋಪ್ ಬಂದ ಕೂಡಲೇ ಕೆಲಸದ ಗುಣವೇ ಬದಲಾಗುತ್ತದೆ. ಎರಡರಿಂದ ಅಗಲ ಸಿಗುತ್ತದೆ. ಮೂರರಿಂದ ಮುಖದ ಗುರುತು ಶುರು.

ಭೂಮಿಯಷ್ಟು ಅಗಲ

ಇದನ್ನೆಲ್ಲ ಕೊನೆಯ ಅಂಚಿಗೆ ಒಯ್ದರೆ ಸಿಗುವುದು ಈವೆಂಟ್ ಹೊರೈಜನ್ ಟೆಲಿಸ್ಕೋಪ್. ಆ ಹೆಸರಿನ ಯಂತ್ರ ಎಲ್ಲೂ ಇಲ್ಲ. 2017ರ ಏಪ್ರಿಲ್‌ನಲ್ಲಿ ಹವಾಯಿ, ಚಿಲಿ, ಮೆಕ್ಸಿಕೋ, ಅರಿಜೋನಾ, ಸ್ಪೇನ್, ದಕ್ಷಿಣ ಧ್ರುವ ಹೀಗೆ ಆರು ಜಾಗಗಳ ಎಂಟು ರೇಡಿಯೋ ಟೆಲಿಸ್ಕೋಪ್‌ಗಳು ಸೇರಿ ಅದಾದವು. ಅಲೆಯುದ್ದ 1.3 ಮಿಲಿಮೀಟರ್. ನೋಡಬೇಕಾದದ್ದು 5.5 ಕೋಟಿ ಜ್ಯೋತಿರ್ವರ್ಷ ದೂರದ ಎಂ87 ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ. ಅದರ ಸುತ್ತಲಿನ ಬೆಳಕಿನ ಉಂಗುರ ಒಂದು ಆರ್ಕ್ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ 42 ಪಾಲು ಅಗಲ. ಭೂಮಿಯಲ್ಲಿ ನಿಂತು ಚಂದ್ರನ ಮೇಲಿಟ್ಟ ಅಂಗೈ ಅಗಲದ ವಸ್ತುವನ್ನು ನೋಡಿದ ಹಾಗೆ.

ಹವಾಯಿಯ ಅಲೆಯನ್ನು ಸ್ಪೇನಿಗೆ ತಂತಿಯಲ್ಲಿ ತಂದು ಕೂಡಿಸಲು ಆಗಲ್ಲ. ಅದಕ್ಕೆ ಅಲೆಯನ್ನೇ ಬರೆದಿಟ್ಟುಕೊಂಡರು. ಚಿತ್ರವನ್ನಲ್ಲ, ಅಲೆಯ ಏರಿಳಿತವನ್ನು. ಹೈಡ್ರೋಜನ್ ಮೇಸರ್ ಎಂಬ ಅತಿ ನಿಖರ ಗಡಿಯಾರದ ಸಮಯ ಹಾಕಿ ಹಾರ್ಡ್ ಡಿಸ್ಕ್‌ಗಳಲ್ಲಿ ತುಂಬಿದರು. ಒಟ್ಟು ಸುಮಾರು 5 ಪೆಟಾಬೈಟ್, ಅಂದರೆ 50 ಲಕ್ಷ ಗಿಗಾಬೈಟ್. ಅಷ್ಟನ್ನು ಇಂಟರ್‌ನೆಟ್‌ನಲ್ಲಿ ಕಳಿಸುವುದಕ್ಕಿಂತ ವಿಮಾನದಲ್ಲಿ ಡಿಸ್ಕ್ ಒಯ್ಯುವುದೇ ಬೇಗ. ದಕ್ಷಿಣ ಧ್ರುವದ ಡಿಸ್ಕ್‌ಗಳು ಮಾತ್ರ ಅಲ್ಲಿಯ ಚಳಿಗಾಲ ಮುಗಿದು ವಿಮಾನ ಇಳಿಯುವ ತನಕ ಕಾದವು. ಅಲೆಗಳು ನಿಜಕ್ಕೂ ಕೂಡಿದ್ದು ತಿಂಗಳುಗಳ ನಂತರ, ಕಂಪ್ಯೂಟರಿನ ಒಳಗೆ.

ಎಂಟು ಟೆಲಿಸ್ಕೋಪ್ ಅಂದರೆ ಬಾಚಣಿಗೆ ಕಡಿಮೆಯೇ. ನಡುನಡುವೆ ಉತ್ತರ ಇಲ್ಲದ ಖಾಲಿಗಳು ಬೇಕಾದಷ್ಟು. ಆ ಖಾಲಿಗಳನ್ನು ತುಂಬುವ ರೀತಿ ಒಂದೇ ಅಲ್ಲ, ಹಲವಾರು. ರೇಡಿಯೋದವರಿಗೆ ಇದು ಹಳೆಯ ತಲೆನೋವು. 1974ರಲ್ಲಿ ಯಾನ್ ಹಾಗ್‌ಬಾಮ್ ಒಂದು ದಾರಿ ತೋರಿಸಿದ್ದರು: ಗಲೀಜು ಚಿತ್ರದಲ್ಲಿ ಅತಿ ಹೊಳೆಯುವ ಚುಕ್ಕಿ ಹುಡುಕು, ಅದು ಉಂಟುಮಾಡಿದ ಗಲೀಜನ್ನು ಸ್ವಲ್ಪ ಕಳೆ, ಮತ್ತೆ ಹುಡುಕು, ಮತ್ತೆ ಕಳೆ. ಇದರ ಹೆಸರೇ ಕ್ಲೀನ್. ಕಪ್ಪುಕುಳಿಯ ವಿಷಯದಲ್ಲಿ ಭಯ ಇನ್ನೂ ಜಾಸ್ತಿ. ಎಲ್ಲರಿಗೂ ಉಂಗುರ ಕಾಣುವ ಆಸೆ ಇತ್ತು. ಆಸೆ ಇದ್ದವರಿಗೆ ಉಂಗುರ ಕಂಡೇ ಕಾಣುತ್ತದೆ. ಅದಕ್ಕೇ ನಾಲ್ಕು ತಂಡ ಮಾಡಿದರು. ಒಬ್ಬರು ಇನ್ನೊಬ್ಬರ ಜೊತೆ ಮಾತಾಡುವ ಹಾಗಿಲ್ಲ. ನಾಲ್ವರಿಗೂ ಬಂದದ್ದು ಉಂಗುರ, ಅದರ ಕೆಳಭಾಗ ಹೆಚ್ಚು ಹೊಳೆಯುವಂಥದ್ದು. ಆಮೇಲೆ ತಮ್ಮ ವಿಧಾನಗಳಿಗೆ ಸುಳ್ಳು ಆಕಾಶಗಳನ್ನು ತಿನ್ನಿಸಿದರು. ಬರೀ ಬಿಲ್ಲೆ ಕೊಟ್ಟರೆ ಬಿಲ್ಲೆಯೇ ಬರುತ್ತದಾ, ಇಲ್ಲಾ ಇವರ ಆಸೆ ಅದನ್ನೂ ಉಂಗುರ ಮಾಡುತ್ತದಾ ಎಂದು ನೋಡಲು. 2019ರ ಏಪ್ರಿಲ್ 10ರಂದು ಚಿತ್ರ ಹೊರಬಂತು. ಚಿತ್ರಕ್ಕಿಂತ ಅದರ ಹಿಂದಿನ ಈ ಅನುಮಾನವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಬೆಳಕು ಹಟಮಾರಿ

ಹಾಗಾದರೆ ಬೆಳಕಿನ ಅಲೆಯನ್ನೂ ಡಿಸ್ಕಿನಲ್ಲಿ ಬರೆದಿಟ್ಟು ಆಮೇಲೆ ಕೂಡಿಸಿದರಾಯಿತಲ್ಲ? ಇದೇ ತಾನೇ ನಿಮ್ಮ ಮುಂದಿನ ಪ್ರಶ್ನೆ? ಬೆಳಕಿನ ಅಲೆ ಸೆಕೆಂಡಿಗೆ ಐನೂರು ಲಕ್ಷ ಕೋಟಿ ಸಲಕ್ಕೂ ಜಾಸ್ತಿ ಏರಿಳಿಯುತ್ತದೆ. ಅಷ್ಟು ವೇಗದಲ್ಲಿ ಬರೆದುಕೊಳ್ಳುವ ಎಲೆಕ್ಟ್ರಾನಿಕ್ಸ್ ಇಲ್ಲ. ಕ್ಯಾಮೆರಾ ಮಾಡುವುದು ಎಷ್ಟು ಬೆಳಕು ಬಿತ್ತು ಎಂಬ ಎಣಿಕೆ. ಅಲೆ ಏರಿನಲ್ಲಿತ್ತೋ ಇಳಿತದಲ್ಲಿತ್ತೋ ಎಂಬುದು ಆ ಎಣಿಕೆಯಲ್ಲೇ ಕಳೆದುಹೋಗುತ್ತದೆ. ಹತ್ತು ಗೆಳೆಯರ ಹತ್ತು ಫೋಟೋ ಸೇರಿಸಿದರೆ ಯಾಕೆ ಆಗಲ್ಲ ಎಂಬುದಕ್ಕೆ ಇದೇ ಉತ್ತರ. ಸೇರಿಸಲು ಬೇಕಾದದ್ದು ಫೋಟೋದಲ್ಲಿ ಉಳಿದೇ ಇಲ್ಲ.

ಆದ್ದರಿಂದ ಬೆಳಕನ್ನು ಬೆಳಕಾಗಿಯೇ ಒಂದು ಕೋಣೆಗೆ ತರಬೇಕು. ಎರಡು ದಾರಿಯ ಉದ್ದವೂ ಕೂದಲೆಳೆಗಿಂತ ಎಷ್ಟೋ ಕಡಿಮೆ ವ್ಯತ್ಯಾಸದಲ್ಲಿ ಸರಿಸಮ ಇರಬೇಕು. ನಕ್ಷತ್ರ ಆಕಾಶದಲ್ಲಿ ಜರುಗುತ್ತಲೇ ಇರುವುದರಿಂದ ಆ ಉದ್ದವೂ ಬದಲಾಗುತ್ತಲೇ ಇರುತ್ತದೆ. ಅದಕ್ಕೆ ಹಳಿಯ ಮೇಲೆ ಕನ್ನಡಿ ಹೊತ್ತ ಗಾಡಿಗಳು ರಾತ್ರಿಯಿಡೀ ಓಡುತ್ತವೆ. ಸಾಲದ್ದಕ್ಕೆ ಗಾಳಿಯ ಕಾಟ. ಅದು ಪಟ್ಟೆಯನ್ನು ಒಂದು ಸೆಕೆಂಡಿನ ನೂರನೇ ಪಾಲಿನಷ್ಟೂ ಸುಮ್ಮನಿರಲು ಬಿಡಲ್ಲ. ಅಷ್ಟರೊಳಗೆ ಅಳತೆ ಮುಗಿಸಬೇಕು.

ಸಣ್ಣ ಟೆಲಿಸ್ಕೋಪ್‌ಗಳ ದೊಡ್ಡ ಗೆಲುವು ಇಲ್ಲೇ ಇದೆ. ಗಾಳಿಯಲ್ಲಿ ಅಲೆ ಒಂದೇ ಸಮನಾಗಿ ಉಳಿಯುವ ತೇಪೆಗಳು ಸಾಮಾನ್ಯವಾಗಿ 10ರಿಂದ 20 ಸೆಂಟಿಮೀಟರ್ ಅಗಲ. ಅದಕ್ಕಿಂತ ತುಂಬ ದೊಡ್ಡ ಕನ್ನಡಿ ಇಟ್ಟರೆ ಅದರೊಳಗೇ ಹತ್ತಾರು ತೇಪೆಗಳು ಜಗಳ ಆಡುತ್ತವೆ. ಗಾಳಿಯ ತಪ್ಪನ್ನು ತಿದ್ದುವ ಯಂತ್ರ ಇಲ್ಲದ ಕಾಲದಲ್ಲಿ ಸಣ್ಣದೇ ಜಾಣತನ. ಫ್ರಾನ್ಸಿನ ಆಂಟ್ವಾನ್ ಲಾಬೇರಿ 1974ರಲ್ಲಿ 12 ಮೀಟರ್ ದೂರ ಇಟ್ಟ ಎರಡು ಬಿಡಿ ಟೆಲಿಸ್ಕೋಪ್‌ಗಳಿಂದ ಅಭಿಜಿತ್ ನಕ್ಷತ್ರದ ಪಟ್ಟೆ ಹಿಡಿದರು. ಅವು ಬರೀ 25 ಸೆಂಟಿಮೀಟರಿನವು. 1995ರಲ್ಲಿ ಕೇಂಬ್ರಿಜ್‌ನ ಕೋಸ್ಟ್ ತಂಡ 40 ಸೆಂಟಿಮೀಟರಿನ ಟೆಲಿಸ್ಕೋಪ್‌ಗಳಿಂದ ಬ್ರಹ್ಮಹೃದಯ ನಕ್ಷತ್ರವನ್ನು ಎರಡಾಗಿ ಬಿಡಿಸಿ ಚಿತ್ರ ತೆಗೆಯಿತು. ಬಿಡಿಬಿಡಿ ಟೆಲಿಸ್ಕೋಪ್‌ಗಳ ಬೆಳಕು ಕೂಡಿಸಿ ಮಾಡಿದ ಮೊದಲ ಚಿತ್ರ ಅದು. ನೋಡಲು ಎರಡು ಮಸುಕು ಬೊಟ್ಟು. ಆದರೆ ಆ ಬೊಟ್ಟುಗಳ ನಡುವಿನ ಅಂತರ ಒಂದು ಆರ್ಕ್ ಸೆಕೆಂಡಿನ ಇಪ್ಪತ್ತನೇ ಪಾಲು.

ಮೈಕೆಲ್ಸನ್ನರ ಅದೇ ಮೌಂಟ್ ವಿಲ್ಸನ್ ಬೆಟ್ಟದಲ್ಲಿ ಈಗ ಚಾರಾ ಎಂಬ ಜೋಡಣೆ ಇದೆ. ಒಂದೊಂದು ಮೀಟರಿನ ಆರು ಟೆಲಿಸ್ಕೋಪ್. ಅತಿ ದೂರದ ಜೋಡಿಯ ನಡುವೆ 331 ಮೀಟರ್. 2007ರಲ್ಲಿ ಅದು ಶ್ರವಣ ನಕ್ಷತ್ರದ ಮುಖದ ಚಿತ್ರ ಕೊಟ್ಟಿತು. ಶ್ರವಣ ಅರ್ಧ ದಿನಕ್ಕೂ ಕಡಿಮೆ ಹೊತ್ತಿನಲ್ಲಿ ತನ್ನ ಸುತ್ತ ಒಂದು ಸುತ್ತು ಬರುತ್ತದೆ. ಆ ರಭಸಕ್ಕೆ ನಡುಭಾಗ ಉಬ್ಬಿ, ನಕ್ಷತ್ರ ಚಪ್ಪಟೆಯಾಗಿದೆ. ಉಬ್ಬಿದ ನಡು ತಣ್ಣಗೆ, ಮಂಕು. ಧ್ರುವಗಳು ಬಿಸಿ, ಪ್ರಖರ. ಹೀಗಿರಬೇಕು ಎಂದು ಲೆಕ್ಕ ಹಾಕಿದ್ದು 1920ರ ದಶಕದಲ್ಲೇ. ಕಂಡದ್ದು ಈಗ.

ವಿಜಯಸಾರಥಿ ಪುಂಜದ ಎಪ್ಸಿಲಾನ್ ನಕ್ಷತ್ರದ್ದು ಇನ್ನೂ ಚೆಂದ. 27 ವರ್ಷಕ್ಕೊಮ್ಮೆ ಅದು ಸುಮಾರು ಎರಡು ವರ್ಷ ಮಂಕಾಗುತ್ತದೆ. ಯಾವುದೋ ಅಡ್ಡ ಬರುತ್ತದೆ, ಏನು ಅಂತ ಗೊತ್ತಿರಲಿಲ್ಲ. 2009ರ ಕೊನೆಯಲ್ಲಿ ಚಾರಾ ತೆಗೆದ ಚಿತ್ರಗಳಲ್ಲಿ, ಓರೆಯಾಗಿ ಮಲಗಿದ ತೆಳು ಕಪ್ಪು ತಟ್ಟೆಯೊಂದು ನಕ್ಷತ್ರದ ಮುಖದ ಮೇಲೆ ಮೆಲ್ಲಗೆ ಸರಿದು ಬರುವುದು ಕಾಣುತ್ತದೆ. ಧೂಳಿನ ತಟ್ಟೆ.

ಚಿಲಿಯ ಪರನಾಲ್ ಬೆಟ್ಟದ ವಿಎಲ್‌ಟಿಐ ಎಂಬ ಜೋಡಣೆಯ ಬಗ್ಗೆ ಒಂದೇ ಮಾತು. ಅಲ್ಲಿ 8.2 ಮೀಟರಿನ ನಾಲ್ಕು ದೈತ್ಯರಿದ್ದಾರೆ. ಜೊತೆಗೆ ಹಳಿಯ ಮೇಲೆ ಜರುಗುವ 1.8 ಮೀಟರಿನ ನಾಲ್ಕು ಚಿಕ್ಕವೂ ಇವೆ. ದೈತ್ಯರಿಗೆ ಬೇರೆ ಕೆಲಸ ಬೇಕಾದಷ್ಟು. ಜೋಡಣೆಗೆಂದೇ ಇರುವವು ಚಿಕ್ಕವು.

ಪಟ್ಟೆಯ ಗೊಡವೆಯೇ ಬೇಡ ಎಂದು ಬೇರೆ ದಾರಿ ಹಿಡಿದವರೂ ಇದ್ದಾರೆ. ಹ್ಯಾನ್‌ಬರಿ ಬ್ರೌನ್ ಮತ್ತು ಟ್ವಿಸ್ 1956ರಲ್ಲಿ ಹಳೆಯ ಸರ್ಚ್‌ಲೈಟ್ ಕನ್ನಡಿಗಳಿಂದ ಲುಬ್ಧಕದ ಅಗಲ ಅಳೆದರು. ಅವರು ಅಲೆಗಳನ್ನು ಕೂಡಿಸಲಿಲ್ಲ. ಎರಡು ಕಡೆ ಬೆಳಕಿನ ಪ್ರಮಾಣದಲ್ಲಾಗುವ ಸೂಕ್ಷ್ಮ ತುಯ್ತಗಳು ಒಂದಕ್ಕೊಂದು ಎಷ್ಟು ತಾಳೆಯಾಗುತ್ತವೆ ಎಂದು ನೋಡಿದರು. ಇದಕ್ಕೆ ಕನ್ನಡಿ ಒರಟಾಗಿದ್ದರೂ ನಡೆಯುತ್ತದೆ, ಗಾಳಿಯ ಕಾಟವೂ ಇಲ್ಲ. ಆಮೇಲೆ ಆಸ್ಟ್ರೇಲಿಯಾದ ನರಾಬ್ರಿಯಲ್ಲಿ ಹೀಗೇ 32 ನಕ್ಷತ್ರ ಅಳೆದರು. ತೊಂದರೆ ಏನೆಂದರೆ ತುಂಬ ಹೊಳೆಯುವ ನಕ್ಷತ್ರಗಳೇ ಬೇಕು.

ಕೊನೆಯಲ್ಲಿ ಬಂದ ಪ್ರಶ್ನೆಗಳು

"ಹಾಗಾದರೆ ಹತ್ತು ಜನ ಸೇರಿ ಫೋಟೋ ತೆಗೆಯುವುದು ದಂಡವಾ?" ಖಂಡಿತ ಅಲ್ಲ. ಸೂಕ್ಷ್ಮತೆ ಸಿಗಲ್ಲ, ಬೆಳಕು ಸಿಗುತ್ತದೆ. ಡ್ರ್ಯಾಗನ್‌ಫ್ಲೈ ಎಂಬ ಟೆಲಿಸ್ಕೋಪ್ ಅಂದರೆ ಅಂಗಡಿಯಲ್ಲಿ ಸಿಗುವ ಕ್ಯಾಮೆರಾ ಲೆನ್ಸ್‌ಗಳ ಗೊಂಚಲು. 2013ರ ಹೊತ್ತಿಗೆ ಎಂಟು ಲೆನ್ಸ್ ಇತ್ತು, 48ಕ್ಕೆ ಬೆಳೆಯಿತು. ಎಲ್ಲವೂ ಒಂದೇ ಕಡೆ ನೋಡಿ ಫೋಟೋ ತೆಗೆಯುತ್ತವೆ, ಆಮೇಲೆ ಕೂಡಿಸುತ್ತಾರೆ. ದೊಡ್ಡ ಟೆಲಿಸ್ಕೋಪ್‌ಗಳು ಗಮನಿಸದೆ ಬಿಟ್ಟ ತೀರಾ ಮಂಕು ಗ್ಯಾಲಕ್ಸಿಗಳು ಅದಕ್ಕೆ ಕಂಡವು. ಇನ್ನು ಗ್ರಹಗಳಿಗಾದರೆ ಸಾವಿರಾರು ಫ್ರೇಮ್ ತೆಗೆದು, ಗಾಳಿ ಶಾಂತವಾಗಿದ್ದ ಗಳಿಗೆಯವನ್ನು ಮಾತ್ರ ಆರಿಸಿ ಕೂಡಿಸಿ. ನಿಮ್ಮ ಆರಿಂಚು ತನ್ನ ಪೂರ್ತಿ ಶಕ್ತಿ ತೋರಿಸುತ್ತದೆ. ಅದಕ್ಕಿಂತ ಒಂದು ಕೂದಲೂ ಜಾಸ್ತಿ ಅಲ್ಲ.

"ಇರುವ ದೊಡ್ಡ ಕನ್ನಡಿಯನ್ನು ಬೇಕೆಂದೇ ಮುಚ್ಚುವವರು ಈಗ ಯಾರಾದರೂ ಇದ್ದಾರಾ?" ಇದ್ದಾರೆ. ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪಿನ ಒಂದು ಉಪಕರಣದೊಳಗೆ ಏಳು ತೂತಿನ ಮುಚ್ಚಳ ಇದೆ. 6.5 ಮೀಟರ್ ಕನ್ನಡಿಯ ಹೆಚ್ಚಿನ ಬೆಳಕನ್ನು ಅದು ತಡೆಯುತ್ತದೆ. ಏಳು ತೂತಿಗೆ 21 ಜೋಡಿ. ಹೊಳೆಯುವ ನಕ್ಷತ್ರದ ಪಕ್ಕದಲ್ಲೇ ಇರುವ ಮಂಕು ಸಂಗಾತಿಯನ್ನು ಹುಡುಕಲು ಇದು ಒಳ್ಳೆಯದು.

"ರಟ್ಟಿನ ಪ್ರಯೋಗ ನಾವೂ ಮಾಡಬಹುದಾ?" ಮಾಡಲೇಬೇಕು. 10 ಸೆಂಟಿಮೀಟರ್ ಟೆಲಿಸ್ಕೋಪ್ ಸಾಕು. ರಟ್ಟಿನಲ್ಲಿ 2 ಸೆಂಟಿಮೀಟರಿನ ಎರಡು ತೂತು ಕೊರೆಯಿರಿ. ನಡುವಿಂದ ನಡುವಿಗೆ 7 ಸೆಂಟಿಮೀಟರ್ ಇರಲಿ. ಟೆಲಿಸ್ಕೋಪ್ ಹೊರಗಿಟ್ಟು ಅರ್ಧ ಗಂಟೆಯಾದರೂ ಆರಲು ಬಿಡಿ. ನಾನು ಮಾಡಿದ ತಪ್ಪು ಮಾಡಬೇಡಿ. ಆಕಾಶದಲ್ಲಿ ಎತ್ತರದಲ್ಲಿರುವ ಹೊಳೆಯುವ ನಕ್ಷತ್ರ ಹಿಡಿದು, 150 ಪಟ್ಟು ಅಥವಾ ಅದಕ್ಕೂ ಜಾಸ್ತಿ ದೊಡ್ಡದು ಮಾಡಿ. ಪಟ್ಟೆಯಿಂದ ಪಟ್ಟೆಗೆ ಸುಮಾರು 1.6 ಆರ್ಕ್ ಸೆಕೆಂಡ್ ಬರಬೇಕು. ರಟ್ಟನ್ನು ತಿರುಗಿಸಿ, ಪಟ್ಟೆಯೂ ತಿರುಗುತ್ತದೆ. ಚಳಿಗಾಲದಲ್ಲಾದರೆ ಆರ್ದ್ರಾ ಕಡೆಗೂ ಒಮ್ಮೆ ತಿರುಗಿಸಿ ನೋಡಿ. ಪಟ್ಟೆಗಳು ಗಟ್ಟಿಯಾಗಿ ನಿಂತಿರುತ್ತವೆ. ಅವು ಅಳಿಸಬೇಕಾದರೆ ತೂತುಗಳ ನಡುವೆ 3 ಮೀಟರ್ ಬೇಕು.